ಜಾವಾದ ಹಳೆಯ ಸೇತುವೆ ಹೋಯಿತು, ಸಂಘದ ಲೆಕ್ಕವೂ ಹೋಯಿತಾ?

ಓದುಗರ ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಪತ್ತಿನ ಸಹಕಾರ ಸಂಘ. ಷೇರು, ಠೇವಣಿ, ಸಾಲ ಎಲ್ಲವೂ 2007ರಲ್ಲಿ ಬರೆಸಿದ ಜಾವಾ ಸಾಫ್ಟ್‌ವೇರ್‌ನಲ್ಲಿದೆ. ಡೇಟಾ ಇರುವುದು ಮೈಕ್ರೋಸಾಫ್ಟ್ ಆಕ್ಸೆಸ್‌ನ ಎಂಡಿಬಿ ಫೈಲ್‌ನಲ್ಲಿ. ಮೂರು ಕೌಂಟರ್‌ಗಳಿಂದ ಒಂದೇ ಫೈಲ್ ಬಳಸುತ್ತೇವೆ. ಸಾಫ್ಟ್‌ವೇರ್ ಬರೆದುಕೊಟ್ಟ ಹುಡುಗ ಈಗ ಹೊರದೇಶದಲ್ಲಿದ್ದಾನೆ, ಕೈಗೆ ಸಿಗುವುದಿಲ್ಲ. ಈಚೆಗೆ ಮುಖ್ಯ ಕಂಪ್ಯೂಟರ್ ಕೆಟ್ಟು, ವಿಂಡೋಸ್ 11 ಇರುವ ಹೊಸದನ್ನು ತಂದೆವು. ಉಳಿದೆರಡು ಕೌಂಟರ್‌ಗಳಲ್ಲಿ ಹಳೆಯ ವಿಂಡೋಸ್ 7 ಇದೆ. ಹೊಸದರಲ್ಲಿ ಸಾಫ್ಟ್‌ವೇರ್ ಶುರುವೇ ಆಗಲಿಲ್ಲ. ಮೊದಲು 'ಕ್ಲಾಸ್ ನಾಟ್ ಫೌಂಡ್' ಎಂದಿತು. ಅಂಗಡಿಯವರು ಎಲ್ಲಿಂದಲೋ ಒಂದು ಡಿಎಲ್‌ಎಲ್, ಒಂದು ಜಾರ್ ಫೈಲ್ ತಂದು ಹಾಕಿದರು. ಆಮೇಲೆ 'ಆರ್ಕಿಟೆಕ್ಚರ್ ಮಿಸ್‌ಮ್ಯಾಚ್' ಎಂದಿತು. ಅದನ್ನೂ ಹೇಗೋ ಸರಿ ಮಾಡಿದರು. ಈಗ ಓಡುತ್ತದೆ, ಆದರೆ ಆಗಾಗ ಹೇಳದೆ ಕೇಳದೆ ಮುಚ್ಚಿಕೊಳ್ಳುತ್ತದೆ. ಹಳೆಯ ಸದಸ್ಯರ ಹೆಸರು ಪೌಂಡ್ ಗುರುತು, ಇಂಗ್ಲಿಷ್ ಅಕ್ಷರ ಬೆರೆತು ಗೊಜ್ಜಾಗಿ ಕಾಣುತ್ತದೆ. ಹೊಸದಾಗಿ ಸೇರಿಸಿದವರ ಹೆಸರು ಬರೀ ???? ಎಂದು ಬರುತ್ತದೆ. ಒಬ್ಬರು 'ದುಡ್ಡು ಕೊಟ್ಟು ಬೇರೆ ಬ್ರಿಡ್ಜ್ ಡ್ರೈವರ್ ಕೊಳ್ಳಿ' ಅನ್ನುತ್ತಾರೆ. ಇನ್ನೊಬ್ಬರು 'ಎಲ್ಲ ಬಿಸಾಕಿ ಹೊಸದಾಗಿ ಬರೆಸಿ' ಅನ್ನುತ್ತಾರೆ. ಕಾರ್ಯದರ್ಶಿಯಾಗಿ ನಾನು ಏನು ಮಾಡಲಿ? ನಮ್ಮ ಡೇಟಾ ಉಳಿದಿದೆಯೋ ಇಲ್ಲವೋ? ಕೊನೆಗೊಂದು ಸಣ್ಣ ಪ್ರಶ್ನೆ: ಅಧ್ಯಕ್ಷರಿಗೆ ಎಕ್ಸೆಲ್‌ನಲ್ಲಿ ವರದಿ ಬೇಕಂತೆ, ಅದು ಆಗುತ್ತದಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ, ಉಳಿದದ್ದನ್ನು ಆಮೇಲೆ ಓದಿ. ಹೊಸ ಕಂಪ್ಯೂಟರ್‌ನಲ್ಲಿ ಸದಸ್ಯರ ಹೆಸರು ಬರುವ ಯಾವ ಪುಟದಲ್ಲೂ 'ಸೇವ್' ಒತ್ತಬೇಡಿ. ಮೂರೂ ಕೌಂಟರ್‌ಗಳಲ್ಲಿ ಸಾಫ್ಟ್‌ವೇರ್ ಮುಚ್ಚಿ. ಎಂಡಿಬಿ ಫೈಲ್ ಇರುವ ಫೋಲ್ಡರ್ ನೋಡಿ. ಅದೇ ಹೆಸರಿನ ಎಲ್‌ಡಿಬಿ ಎಂಬ ಪುಟ್ಟ ಫೈಲ್ ಪಕ್ಕದಲ್ಲಿದ್ದರೆ ಇನ್ನೂ ಯಾರೋ ತೆರೆದಿಟ್ಟಿದ್ದಾರೆ, ಇಲ್ಲವೇ ಹಿಂದೆ ಕ್ರ್ಯಾಶ್ ಆದಾಗ ಅದು ಅಲ್ಲೇ ಉಳಿದಿದೆ. ಎಲ್ಲ ಮುಚ್ಚಿದ್ದು ಖಾತ್ರಿಯಾದ ಮೇಲೆ ಎಂಡಿಬಿಯ ಪ್ರತಿ ತೆಗೆದು ಎರಡು ಪೆನ್‌ಡ್ರೈವ್‌ಗೆ ಹಾಕಿ, ಮೇಲೆ ತಾರೀಖು ಬರೆದಿಡಿ. ಮುಂದೆ ಯಾರು ಏನೇ ಪ್ರಯೋಗ ಮಾಡಿದರೂ ಪ್ರತಿಯ ಮೇಲೇ ಮಾಡಲಿ.

ಈಗ ನಿಮ್ಮ ಚಿಂತೆಗೆ ಬರೋಣ. ಇಷ್ಟು ವರ್ಷದ ಲೆಕ್ಕ ಹೋಯಿತಾ ಎಂಬುದು ನಿಮ್ಮ ಹೆದರಿಕೆ. ನೀವು ಹೇಳಿದ ಲಕ್ಷಣ ನೋಡಿದರೆ ಬಹುಮಟ್ಟಿಗೆ ಹೋಗಿಲ್ಲ. ಕಳೆದಿರುವುದು ಹೊಸದಾಗಿ ಸೇರಿಸಿದವರ ಹೆಸರುಗಳಷ್ಟೇ. ಅವು ನಿಮ್ಮ ಅರ್ಜಿ ಫಾರಂನಲ್ಲಿ ಇದ್ದೇ ಇರುತ್ತವೆ. ಇನ್ನೊಂದು ಅಪಾಯವನ್ನು ಮಾತ್ರ ನಿಮಗೆ ಯಾರೂ ಹೇಳಿದಂತಿಲ್ಲ. ಸಾಫ್ಟ್‌ವೇರ್ ನಡುವೆಯೇ ಮುಚ್ಚಿಕೊಂಡ ದಿನಗಳ ಜಮಾ-ಖರ್ಚು ಅರ್ಧಕ್ಕೆ ನಿಂತಿರಬಹುದು. ಅದರ ಮಾತು ಮುಂದೆ ಬರುತ್ತದೆ.

ಈ ಸೇತುವೆ ಯಾಕೆ ಬಂತು, ಯಾಕೆ ಹೋಯಿತು

ಜಾವಾ ಪ್ರೋಗ್ರಾಮ್ ಡೇಟಾಬೇಸ್ ಜೊತೆ ವ್ಯವಹರಿಸುವ ರೀತಿಗೆ ಜೆಡಿಬಿಸಿ ಎನ್ನುತ್ತಾರೆ. ವಿಂಡೋಸ್‌ನಲ್ಲಿ ಅದೇ ಕೆಲಸಕ್ಕೆ ಮೊದಲಿನಿಂದ ಇದ್ದದ್ದು ಒಡಿಬಿಸಿ. ಮೈಕ್ರೋಸಾಫ್ಟ್ ಅದನ್ನು ಹೊರತಂದದ್ದು 1992ರಲ್ಲಿ. ಜೆಡಿಬಿಸಿ ಬಂದದ್ದು 1997ರಲ್ಲಿ, ಜಾವಾ 1.1 ಜೊತೆ. ಆಗ ಜಾವಾ ತಯಾರಿಸುತ್ತಿದ್ದ ಸನ್ ಕಂಪನಿಗೆ ಒಂದು ಪೇಚು ಎದುರಾಯಿತು. ಹೊಸ ರೀತಿ ಏನೋ ಸಿದ್ಧವಾಗಿದೆ, ಆದರೆ ಅದಕ್ಕೆ ತಕ್ಕ ಡ್ರೈವರ್‌ಗಳು (ಪ್ರೋಗ್ರಾಮ್ ಮತ್ತು ಡೇಟಾಬೇಸ್ ನಡುವೆ ಮಾತು ದಾಟಿಸುವ ತುಣುಕುಗಳು) ಹೆಚ್ಚು ಡೇಟಾಬೇಸ್‌ಗಳಿಗೆ ಇಲ್ಲ. ಒಡಿಬಿಸಿ ಡ್ರೈವರ್ ಮಾತ್ರ ಎಲ್ಲದಕ್ಕೂ ಇದೆ. ಹಾಗಾಗಿ ಇಂಟರ್‌ಸಾಲ್ವ್ ಎಂಬ ಕಂಪನಿಯ ಜೊತೆ ಸೇರಿ ಒಂದು ಮಧ್ಯಸ್ಥ ಡ್ರೈವರ್ ಮಾಡಿದರು. ಜಾವಾ ಕಡೆಯಿಂದ ಬಂದ ಕರೆಯನ್ನು ಅದು ಒಡಿಬಿಸಿ ಕರೆಯಾಗಿ ಬದಲಿಸಿ ಆಚೆಗೆ ದಾಟಿಸುತ್ತದೆ. ಅದೇ ಜೆಡಿಬಿಸಿ-ಒಡಿಬಿಸಿ ಬ್ರಿಡ್ಜ್. ಜಾವಾ ಇನ್‌ಸ್ಟಾಲ್ ಮಾಡಿದರೆ ಅದೂ ಜೊತೆಗೇ ಬರುತ್ತಿತ್ತು, ಬೇರೆ ಏನೂ ಬೇಕಿರಲಿಲ್ಲ. ಆ ಕಾಲದ ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಜಾವಾ ಮತ್ತು ಆಕ್ಸೆಸ್ ಜೋಡಿ ಅಷ್ಟೊಂದು ಕಾಣುತ್ತಿದ್ದದ್ದು ಇದರಿಂದಲೇ. ನಿಮ್ಮ ಹುಡುಗನೂ ಅದೇ ದಾರಿ ಹಿಡಿದಿದ್ದಾನೆ. 2007ರ ಮಟ್ಟಿಗೆ ಅದರಲ್ಲಿ ಆಶ್ಚರ್ಯವಿಲ್ಲ.

'ಆರಕಲ್ ಕಂಪನಿ ಸನ್ ಅನ್ನು ಕೊಂಡುಕೊಂಡಿತು, ತನ್ನ ಡೇಟಾಬೇಸ್ ಮಾರಬೇಕು ಅಂತ ಬ್ರಿಡ್ಜ್ ತೆಗೆದುಹಾಕಿತು' ಎಂಬ ಮಾತು ನಿಮಗೂ ಕೇಳಿಬಂದಿರಬಹುದು. ಇದು ಸುಮ್ನೆ ಹಬ್ಬಿದ ಕಥೆ. ತೆಗೆದದ್ದು ಆರಕಲ್ ಕಾಲದಲ್ಲಿ ಎನ್ನುವುದು ನಿಜ. ಮಾರ್ಚ್ 2014ರಲ್ಲಿ ಬಂದ ಜಾವಾ 8ರಲ್ಲಿ ಬ್ರಿಡ್ಜ್ ಇರಲಿಲ್ಲ. ಆದರೆ ಇದು ತಾತ್ಕಾಲಿಕ ವ್ಯವಸ್ಥೆ, ಬೇರೆ ಡ್ರೈವರ್ ಸಿಗದಿದ್ದಾಗ ಮಾತ್ರ ಬಳಸಿ ಎಂಬ ಎಚ್ಚರಿಕೆ ಜಾವಾದ ದಾಖಲೆಗಳಲ್ಲಿ ಮೊದಲೇ ಇತ್ತು. ಜಾವಾ 8ರಲ್ಲಿ ಇದು ಇರುವುದಿಲ್ಲ ಎಂದೂ ಮುಂಚೆಯೇ ತಿಳಿಸಿದ್ದರು. ಅಷ್ಟು ಹೊತ್ತಿಗೆ ಹೆಸರುವಾಸಿ ಡೇಟಾಬೇಸ್‌ಗಳಿಗೆಲ್ಲ ನೇರ ಜೆಡಿಬಿಸಿ ಡ್ರೈವರ್ ಬಂದಾಗಿತ್ತು. ಉಳಿದದ್ದು ಆಕ್ಸೆಸ್‌ನಂಥ ಕೆಲವು ಮಾತ್ರ. ಮೈಕ್ರೋಸಾಫ್ಟ್ ಆಕ್ಸೆಸ್‌ಗೆ ಜೆಡಿಬಿಸಿ ಡ್ರೈವರ್ ಕೊಡಲೇ ಇಲ್ಲ. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತದ್ದೂ ಅದೇ ವರ್ಷ ಏಪ್ರಿಲ್‌ನಲ್ಲಿ. ಹಳೆಯ ಲೆಕ್ಕದ ಸಾಫ್ಟ್‌ವೇರ್ ಇಟ್ಟುಕೊಂಡವರಿಗೆ ಎರಡೂ ಪೆಟ್ಟು ಒಟ್ಟಿಗೇ ಬಿದ್ದವು.

ಇದರ ಜೊತೆಗೇ ಓಡಾಡುವ ಇನ್ನೊಂದು ಮಾತು 'ಒಡಿಬಿಸಿ ಸತ್ತಿದೆ' ಎನ್ನುವುದು. ಅದೂ ತಪ್ಪು. ಎಕ್ಸೆಲ್, ಪವರ್ ಬಿಐ ಇಂದಿಗೂ ಒಡಿಬಿಸಿ ಬಳಸುತ್ತವೆ. ಹೋದದ್ದು ಜಾವಾದೊಳಗಿದ್ದ ಸೇತುವೆ ಮಾತ್ರ, ಎರಡು ದಡಗಳೂ ಗಟ್ಟಿಯಾಗಿಯೇ ಇವೆ.

ನಿಮಗೆ ಬಂದ ಎರಡು ಎರರ್‌ಗಳು

ಇವನ್ನು ಒಂದೇ ಕಾಯಿಲೆ ಅಂದುಕೊಂಡವರು ತಿಂಗಳುಗಟ್ಟಲೆ ಸುತ್ತುವುದನ್ನು ನೋಡಿದ್ದೇನೆ. 'ಕ್ಲಾಸ್ ನಾಟ್ ಫೌಂಡ್' ಬಂದರೆ ತೊಂದರೆ ಜಾವಾ ಕಡೆ ಇದೆ. ಪ್ರೋಗ್ರಾಮ್ ಬ್ರಿಡ್ಜ್ ಅನ್ನು ಹೆಸರು ಹಿಡಿದು ಕರೆಯಿತು, ಹೊಸ ಜಾವಾದಲ್ಲಿ ಆ ಹೆಸರಿನವರು ಯಾರೂ ಇಲ್ಲ. ಇಂಥ ಹೊತ್ತಲ್ಲಿ ಒಡಿಬಿಸಿ ಸೆಟ್ಟಿಂಗ್ ಎಷ್ಟು ತಿರುಗಿಸಿದರೂ ಏನೂ ಆಗದು.

'ಆರ್ಕಿಟೆಕ್ಚರ್ ಮಿಸ್‌ಮ್ಯಾಚ್' ಬಂದರೆ ಜಾವಾ ಕಡೆ ದಾಟಿ, ವಿಂಡೋಸ್ ಕಡೆ ತಡೆದಿದೆ ಎಂದು ತಿಳಿಯಿರಿ. ಬ್ರಿಡ್ಜ್ ಎಂದರೆ ಒಂದು ವಸ್ತುವಲ್ಲ, ಒಂದು ಸಾಲು. ನಿಮ್ಮ ಪ್ರೋಗ್ರಾಮ್, ಬ್ರಿಡ್ಜ್‌ನ ಜಾವಾ ಭಾಗ, ಅದರ ಡಿಎಲ್‌ಎಲ್ (ವಿಂಡೋಸ್ ನೇರ ಓಡಿಸುವ ಕೋಡ್‌ನ ಫೈಲ್), ವಿಂಡೋಸ್‌ನ ಒಡಿಬಿಸಿ ಮ್ಯಾನೇಜರ್, ಆಕ್ಸೆಸ್‌ನ ಒಡಿಬಿಸಿ ಡ್ರೈವರ್, ಅದರ ಕೆಳಗೆ ಜೆಟ್ ಎಂಬ ಎಂಜಿನ್, ಕಡೆಗೆ ಎಂಡಿಬಿ ಫೈಲ್. ಫೈಲ್ ಬಿಟ್ಟು ಉಳಿದದ್ದೆಲ್ಲ ಒಂದೇ ಪ್ರೋಗ್ರಾಮ್‌ನ ಹೊಟ್ಟೆಯೊಳಗೆ ಓಡುತ್ತದೆ. 64 ಬಿಟ್ ಪ್ರೋಗ್ರಾಮ್ ಒಳಗೆ 32 ಬಿಟ್ ಡಿಎಲ್‌ಎಲ್ ಕೂರುವುದಿಲ್ಲ. ವಿಂಡೋಸ್ ಜೊತೆಗೇ ಬರುವ ಹಳೆಯ ಎಂಡಿಬಿ ಡ್ರೈವರ್ 32 ಬಿಟ್ ಮಾತ್ರ. ನಿಮ್ಮ ಅಂಗಡಿಯವರು ಮೊದಲು 64 ಬಿಟ್ ಜಾವಾ ಹಾಕಿರಬೇಕು. ಅದಕ್ಕೇ ಜಗಳವಾಯಿತು.

ಇಲ್ಲೊಂದು ತಮಾಷೆ ಇದೆ. 64 ಬಿಟ್ ವಿಂಡೋಸ್‌ನಲ್ಲಿ ಒಡಿಬಿಸಿ ಸೆಟ್ಟಿಂಗ್ ತೆರೆಯುವ ಪ್ರೋಗ್ರಾಮ್ ಎರಡಿದೆ. 'ಸಿಸ್ಟಮ್32' ಫೋಲ್ಡರ್‌ನಲ್ಲಿರುವುದು 64 ಬಿಟ್‌ನದು. 32 ಬಿಟ್‌ನದು ಇರುವುದು 'ಸಿಸ್‌ವಾವ್64' ಫೋಲ್ಡರ್‌ನಲ್ಲಿ. ಎರಡು ಪ್ರೋಗ್ರಾಮ್‌ಗಳ ಹೆಸರೂ 'ಒಡಿಬಿಸಿಎಡಿ32' ಎಂದೇ! ಈ ಹೆಸರಿಟ್ಟವರನ್ನು ಬೈಯದ ಸಪೋರ್ಟ್ ಇಂಜಿನಿಯರ್ ಇರಲಿಕ್ಕಿಲ್ಲ. ಒಂದರಲ್ಲಿ ಡಿಎಸ್‌ಎನ್ (ಯಾವ ಡ್ರೈವರ್, ಯಾವ ಫೈಲ್ ಎಂದು ಹೆಸರಿಟ್ಟು ಉಳಿಸಿದ ವಿವರ) ಮಾಡಿ ಇನ್ನೊಂದರಲ್ಲಿ ಹುಡುಕಿದರೆ ಗೊಂದಲ ಖಂಡಿತ.

64 ಬಿಟ್‌ಗೆ ಬೇಕಾದರೆ ಮೈಕ್ರೋಸಾಫ್ಟ್‌ನ 'ಆಕ್ಸೆಸ್ ಡೇಟಾಬೇಸ್ ಎಂಜಿನ್' ಎಂಬ ಬೇರೆ ಪ್ಯಾಕೇಜ್ ಇದೆ. ಆದರೆ ಆ ಕಂಪ್ಯೂಟರ್‌ನಲ್ಲಿ 32 ಬಿಟ್ ಆಫೀಸ್ ಇದ್ದರೆ ಅದು ಸುಲಭಕ್ಕೆ ಕೂರಲು ಒಪ್ಪುವುದಿಲ್ಲ. ಒತ್ತಾಯ ಮಾಡಿ ಕೂರಿಸುವ ಉಪಾಯಗಳಿವೆ, ಆಮೇಲೆ ಆಫೀಸ್ ತಕರಾರು ತೆಗೆಯಬಹುದು.

ಆಗಾಗ ಮುಚ್ಚಿಕೊಳ್ಳುವುದು

ಅಂಗಡಿಯವರು ಮಾಡಿದ್ದು ಹಲವರಿಗೆ ಗೊತ್ತಿರುವ ಉಪಾಯವೇ. ಜಾವಾ 7ರ ಹೊಟ್ಟೆಯಿಂದ ಬ್ರಿಡ್ಜ್‌ನ ಭಾಗ ಕಿತ್ತು ಜಾರ್ (ಜಾವಾ ಕೋಡ್‌ನ ಕಟ್ಟು) ಮಾಡುವುದು, ಅದರ ಡಿಎಲ್‌ಎಲ್ ಜೊತೆ ಜಾವಾ 8ರೊಳಗೆ ಇಡುವುದು. ಅವರನ್ನು ಬೈಯಬೇಡಿ, ನಿಮ್ಮ ಕೌಂಟರ್ ನಡೆಯಲಿ ಅಂತ ಮಾಡಿದ್ದಾರೆ. ಆದರೆ ಈ ಜೋಡಣೆಯನ್ನು ಯಾರೂ ಪರೀಕ್ಷೆ ಮಾಡಿಲ್ಲ, ಯಾರೂ ಇದಕ್ಕೆ ಹೊಣೆಯಲ್ಲ. ಜಾವಾದ ತುಂಡು ಕಿತ್ತು ಬೇರೆಡೆ ಬಳಸಲು ಅದರ ಲೈಸೆನ್ಸ್ ಒಪ್ಪುವುದೂ ಇಲ್ಲ. ಎಲ್ಲಿಂದಲೋ ತಂದ ಡಿಎಲ್‌ಎಲ್ ಆಗಿದ್ದರೆ ಅದರಲ್ಲಿ ಇನ್ನೇನಿದೆಯೋ ದೇವರೇ ಬಲ್ಲ. ಹಣದ ಲೆಕ್ಕ ಇರುವ ಕಂಪ್ಯೂಟರ್ ಅದು.

ಕ್ರ್ಯಾಶ್‌ಗೆ ಕಾರಣ ಹೀಗಿದೆ. ಅಪ್ಪಟ ಜಾವಾ ಪ್ರೋಗ್ರಾಮ್‌ನಲ್ಲಿ ತಪ್ಪಾದರೆ ಎರರ್ ತೋರಿಸಿ ಮುಂದುವರಿಯುತ್ತದೆ. ಡಿಎಲ್‌ಎಲ್ ಒಳಗೆ ತಪ್ಪಾದರೆ ಜಾವಾವನ್ನೇ ಕೆಡವಿಬಿಡುತ್ತದೆ, ಕಿಟಕಿ ಮಾಯ. ಏಕಕಾಲಕ್ಕೆ ಹಲವು ಕೆಲಸ ಹಚ್ಚಿದರೆ ಬ್ರಿಡ್ಜ್ ಎಡವುವುದು ಹಳೆಯ ಸಂಗತಿ.

ನಾನು ಮೊದಲು ಹೇಳಿದ ಅಪಾಯ ಇಲ್ಲಿದೆ. ಜೆಡಿಬಿಸಿಯಲ್ಲಿ, ಬೇರೆ ಹೇಳದಿದ್ದರೆ, ಪ್ರತಿ ಆದೇಶವೂ ಅಲ್ಲಲ್ಲೇ ಉಳಿದುಬಿಡುತ್ತದೆ. ಇದಕ್ಕೆ ಆಟೋ ಕಮಿಟ್ ಎನ್ನುತ್ತಾರೆ. ಒಬ್ಬ ಸದಸ್ಯರು ಸಾಲದ ಕಂತು ಕಟ್ಟಿದರು ಅನ್ನಿ. ನಗದಿಗೆ ಜಮಾ ಮಾಡುವುದು ಒಂದು ಆದೇಶ, ಸಾಲದ ಬಾಕಿ ಇಳಿಸುವುದು ಇನ್ನೊಂದು. ಎರಡನ್ನೂ ಒಂದು ಗಂಟಾಗಿ ಕಟ್ಟಿ 'ಆದರೆ ಎರಡೂ ಆಗಲಿ, ಇಲ್ಲದಿದ್ದರೆ ಎರಡೂ ಬೇಡ' ಎಂದು ಪ್ರೋಗ್ರಾಮ್ ಬರೆದಿದ್ದರೆ ಚಿಂತೆಯಿಲ್ಲ. ಈ ಬಗೆಯ ಹಳೆಯ ಸಾಫ್ಟ್‌ವೇರ್‌ಗಳಲ್ಲಿ ನಾನು ಕಂಡಂತೆ ಹೆಚ್ಚಿನವರು ಆ ಗಂಟು ಕಟ್ಟಿರುವುದಿಲ್ಲ. ನಡುವೆ ಕ್ರ್ಯಾಶ್ ಆದರೆ ನಗದು ಬಂದಿರುತ್ತದೆ, ಬಾಕಿ ಇಳಿದಿರುವುದಿಲ್ಲ. ಆಡಿಟ್‌ನವರು ಹಿಡಿಯುವ ತನಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಹುಡುಕಲು ಒಂದು ದಾರಿಯಿದೆ. ಜಾವಾ ಹೀಗೆ ಕೆಳಗೆ ಬಿದ್ದಾಗ ಸಾಮಾನ್ಯವಾಗಿ ಪ್ರೋಗ್ರಾಮ್ ಇರುವ ಫೋಲ್ಡರ್‌ನಲ್ಲಿ 'ಎಚ್‌ಎಸ್ ಎರ್ ಪಿಐಡಿ' ಎಂದು ಶುರುವಾಗುವ ಹೆಸರಿನ ಒಂದು ಲಾಗ್ ಫೈಲ್ ಬಿಟ್ಟುಹೋಗುತ್ತದೆ. ಅದರ ತಾರೀಖು, ಹೊತ್ತು ನೋಡಿ. ಆ ದಿನಗಳ ಕೈಬರಹದ ಕ್ಯಾಶ್ ಬುಕ್, ರಸೀದಿ ಪುಸ್ತಕ ತೆಗೆದು ಕಂಪ್ಯೂಟರ್ ಜೊತೆ ಒಂದೊಂದಾಗಿ ತಾಳೆ ಹಾಕಿ. ಎಲ್ಲ ದಿನ ನೋಡಬೇಕಿಲ್ಲ, ಬಿದ್ದ ದಿನ ನೋಡಿದರೆ ಸಾಕು. ಇದನ್ನು ಮೊದಲ ವಾರವೇ ಮುಗಿಸಿ. ರಸೀದಿ ಹರಿದವರಿಗೆ ಇನ್ನೂ ನೆನಪಿರುತ್ತದೆ, ಅಲ್ವಾ?

ಹೆಸರುಗಳ ಕಥೆ

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಸಾಲು ಇದು: ಹಳೆಯ ಹೆಸರು ಗೊಜ್ಜು, ಹೊಸ ಹೆಸರು ಪ್ರಶ್ನಾರ್ಥಕ ಚಿಹ್ನೆ. ಇವೆರಡೂ ಬೇರೆ ಬೇರೆ.

ಗೊಜ್ಜಾಗಿ ಕಾಣುವ ಹೆಸರುಗಳು ಕ್ಷೇಮವಾಗಿವೆ. 2007ರಲ್ಲಿ ನಿಮ್ಮವರು ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ. ಕನ್ನಡ ಗಣಕ ಪರಿಷತ್ತಿನ ಆ ಹಳೆಯ ನುಡಿಯಲ್ಲಿ ಫೈಲ್‌ಗೆ ಹೋಗುವುದು ಇಂಗ್ಲಿಷ್ ಅಕ್ಷರಗಳ, ಯುರೋಪಿನ ಚಿಹ್ನೆಗಳ ಸಂಕೇತ. ಫಾಂಟ್ ಅದರ ಮೇಲೆ ಕನ್ನಡದ ಆಕಾರ ಹೊದಿಸುತ್ತದೆ. 'ನ' ಬರೆದರೆ ಒಳಗೆ ಪೌಂಡ್ ಗುರುತು ಇರುತ್ತದೆ. ಹೊಸ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲ, ಅದಕ್ಕೆ ಒಳಗಿನದು ಬಯಲಾಗಿದೆ. ಹಳೆಯ ಫಾಂಟ್ ಹಾಕಿದರೆ ಇವತ್ತೇ ಸರಿಯಾಗಿ ಕಾಣುತ್ತದೆ.

ಪ್ರಶ್ನಾರ್ಥಕ ಚಿಹ್ನೆಗಳದ್ದು ಬೇರೆ ಸಂಗತಿ. ಹೊಸ ಕಂಪ್ಯೂಟರ್ ಬಂದ ಮೇಲೆ ನಿಮ್ಮ ಗುಮಾಸ್ತರು ವಿಂಡೋಸ್‌ನಲ್ಲೇ ಇರುವ ಕನ್ನಡ ಕೀಬೋರ್ಡ್ ಬಳಸಿರಬೇಕು. ಅದು ಯೂನಿಕೋಡ್, ಎಲ್ಲ ಭಾಷೆಗಳ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಪದ್ಧತಿ. ಜಾವಾಗೆ ಯೂನಿಕೋಡ್ ಗೊತ್ತು. 2000ರ ನಂತರದ ಎಂಡಿಬಿ ಫೈಲ್‌ಗೂ ಗೊತ್ತು. ನಡುವಿನ ಬ್ರಿಡ್ಜ್‌ಗೆ ಗೊತ್ತಿಲ್ಲ. ಅದು ಅಕ್ಷರಗಳನ್ನು ವಿಂಡೋಸ್‌ನ ಹಳೆಯ ಕಾಲದ ಅಕ್ಷರಪಟ್ಟಿಯ ಮೂಲಕ ದಾಟಿಸುತ್ತದೆ. ರಷ್ಯನ್‌ಗೆ, ಗ್ರೀಕ್‌ಗೆ ಅಂಥ ಪಟ್ಟಿಗಳಿವೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂಥ ಪಟ್ಟಿ ಇಲ್ಲವೇ ಇಲ್ಲ. ಕನ್ನಡ ಅಲ್ಲಿಗೆ ಬಂದದ್ದೇ ಯೂನಿಕೋಡ್ ಆಗಿ. ಪಟ್ಟಿಯಲ್ಲಿಲ್ಲದ ಪ್ರತಿ ಅಕ್ಷರಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ನುಡಿಯ ಹೆಸರುಗಳು ಇಷ್ಟು ವರ್ಷ ಇದೇ ಬ್ರಿಡ್ಜ್ ಮೇಲೆ ಸುಖವಾಗಿ ಓಡಾಡಿದ್ದು ಅವು ಇಂಗ್ಲಿಷ್ ಅಕ್ಷರಗಳ ವೇಷದಲ್ಲಿ ಇದ್ದದ್ದರಿಂದ.

ಆದ್ದರಿಂದ ಹೊಸ ಸದಸ್ಯರ ಹೆಸರು ಫೈಲ್‌ಗೆ ಹೋಗುವಾಗಲೇ ಚಿಹ್ನೆಯಾಗಿ ಹೋಗಿದೆ. ಅದನ್ನು ಯಾವ ಸಾಧನವೂ ಹಿಂದಕ್ಕೆ ತರಲಾರದು. ಫಾರಂ ನೋಡಿ ಮತ್ತೆ ಟೈಪ್ ಮಾಡಬೇಕು. ಇನ್ನೊಂದು ಸಾಧ್ಯತೆ ಇದೆ: ಯಾರಾದರೂ ಆಕ್ಸೆಸ್ ತೆರೆದು ನೇರವಾಗಿ ಹೆಸರು ಹಾಕಿದ್ದರೆ ಫೈಲ್‌ನಲ್ಲಿ ಸರಿಯಾಗಿದ್ದು, ನಿಮ್ಮ ಪರದೆಗೆ ಬರುವಾಗ ಮಾತ್ರ ಕೆಟ್ಟಿರುತ್ತದೆ. ಆಗ ಆ ಪುಟ ತೆರೆದು ವಿಳಾಸವನ್ನೋ ಫೋನ್ ನಂಬರನ್ನೋ ತಿದ್ದಿ ಸೇವ್ ಒತ್ತಿದರೆ, ಪರದೆಯ ಮೇಲಿನ ಚಿಹ್ನೆಗಳೇ ಫೈಲ್‌ಗೆ ಹೋಗಿ ಸರಿ ಇದ್ದ ಹೆಸರೂ ಅಳಿಯುತ್ತದೆ. ಸೇವ್ ಒತ್ತಬೇಡಿ ಎಂದದ್ದು ಇದಕ್ಕೆ.

ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಇಡೀ ಕಂಪ್ಯೂಟರನ್ನೇ ಯುಟಿಎಫ್-8ಕ್ಕೆ (ಯೂನಿಕೋಡ್ ಬರೆದಿಡುವ ಒಂದು ರೀತಿ) ಬದಲಿಸುವ ಒಂದು ಚೌಕ ಇದೆ, ಬೀಟಾ ಎಂದು ಅದರ ಮೇಲೇ ಬರೆದಿದೆ. ಯಾರಾದರೂ ಅದನ್ನು ಒತ್ತಿ ನೋಡೋಣ ಎಂದರೆ ಬೇಡ ಅನ್ನಿ. ಹಳೆಯ ಪ್ರೋಗ್ರಾಮ್‌ಗಳು, ನುಡಿಯ ಹಳೆಯ ಅಕ್ಷರಗಳು ಅದರಿಂದ ಕೆಡಬಹುದು.

ಹಾಗಾದರೆ ಏನು ಮಾಡುವುದು

ದುಡ್ಡು ಕೊಟ್ಟು ಕೊಳ್ಳುವ ಬ್ರಿಡ್ಜ್‌ಗಳು ಇವೆ. ಈಸಿಸಾಫ್ಟ್‌ನಂಥ ಕಂಪನಿಗಳು ಇದನ್ನೇ ಉದ್ಯೋಗ ಮಾಡಿಕೊಂಡಿವೆ, ಒಳ್ಳೆಯ ಸರಕೇ. ಒಡಿಬಿಸಿ ಡ್ರೈವರ್ ಬಿಟ್ಟರೆ ಬೇರೇನೂ ಸಿಗದ ಹಳೆಯ ಡೇಟಾಬೇಸ್ ಇರುವ ಕಾರ್ಖಾನೆಗೋ ಆಸ್ಪತ್ರೆಗೋ ಅದು ಬೇಕಾದೀತು. ನಿಮಗೆ ನಾನು ಹೇಳುವುದಿಲ್ಲ. ಅದರ ಕೆಳಗೂ ಅದೇ ಆಕ್ಸೆಸ್ ಡ್ರೈವರ್, ಅದೇ ಜೆಟ್ ಎಂಜಿನ್ ಬೇಕು. ದುಡ್ಡೂ ಹೋಗುತ್ತದೆ, ಎಂಡಿಬಿಯ ಗಂಡಾಂತರವೂ ಉಳಿಯುತ್ತದೆ.

ಹತ್ತಿರದ ದಾರಿ ಎಂದರೆ ಯುಕ್ಯಾನ್‌ಆಕ್ಸೆಸ್. ಇದು ಉಚಿತ, ಪೂರ್ತಿ ಜಾವಾದಲ್ಲೇ ಬರೆದ ಜೆಡಿಬಿಸಿ ಡ್ರೈವರ್. ಒಡಿಬಿಸಿ ಬೇಡ, ಡಿಎಲ್‌ಎಲ್ ಬೇಡ, 32-64ರ ಜಗಳ ಇಲ್ಲ, ಕನ್ನಡ ಯೂನಿಕೋಡ್ ಸರಿಯಾಗಿ ದಾಟುತ್ತದೆ. ಇದು ಜ್ಯಾಕ್‌ಸೆಸ್ ಎಂಬ ಲೈಬ್ರರಿಯಿಂದ ಎಂಡಿಬಿಯನ್ನು ನೇರ ಓದಿ, ಎಚ್‌ಎಸ್‌ಕ್ಯೂಎಲ್‌ಡಿಬಿ ಎಂಬ ಚಿಕ್ಕ ಡೇಟಾಬೇಸ್‌ನಲ್ಲಿ ಅದರ ನಕಲು ಮಾಡಿಕೊಳ್ಳುತ್ತದೆ. ಪ್ರಶ್ನೆಗಳಿಗೆ ಉತ್ತರ ಆ ನಕಲಿನಿಂದ ಬರುತ್ತದೆ, ಬದಲಾವಣೆ ಫೈಲ್‌ಗೆ ಹೋಗುತ್ತದೆ. ಫೈಲ್ ದೊಡ್ಡದಾಗಿದ್ದರೆ ಮೊದಲ ಸಲ ತೆರೆಯುವುದು ನಿಧಾನ, ಮೆಮೊರಿಯೂ ಜಾಸ್ತಿ ಬೇಕು. ಫೈಲ್ ಆಕ್ಸೆಸ್ 97 ಕಾಲದ್ದಾದರೆ ಓದುವುದಷ್ಟೇ ಸಾಧ್ಯ, ಬರೆಯಲಾಗದು. ನಿಮ್ಮದು 2007ರದ್ದು, ಬಹುಶಃ ಆ ತೊಂದರೆ ಇರಲಿಕ್ಕಿಲ್ಲ.

ಪ್ರೋಗ್ರಾಮ್‌ನ ಮೂಲ ಕೋಡ್ ಇದ್ದರೆ ಡ್ರೈವರ್‌ನ ಹೆಸರು, ಸಂಪರ್ಕದ ಸಾಲು ಎರಡನ್ನು ಬದಲಿಸಿದರೆ ಬಹುಪಾಲು ಓಡುತ್ತದೆ. ಮೂಲ ಕೋಡ್ ಕಳೆದಿದ್ದರೂ ಒಂದು ಉಪಾಯ ಇದೆ. ಹಳೆಯ ಬ್ರಿಡ್ಜ್‌ನ ಹೆಸರನ್ನೇ ಇಟ್ಟುಕೊಂಡ ಒಂದು ಪುಟ್ಟ ಜಾವಾ ಕ್ಲಾಸ್ ಬರೆದು, ಅದು ಬಂದ ಕರೆಯನ್ನೆಲ್ಲ ಯುಕ್ಯಾನ್‌ಆಕ್ಸೆಸ್‌ಗೆ ಕೊಡುವಂತೆ ಮಾಡುವುದು. ಪ್ರೋಗ್ರಾಮ್‌ಗೆ ಬ್ರಿಡ್ಜ್ ಇದೆ ಎಂದೇ ಅನಿಸುತ್ತದೆ. ಜಾವಾ ಬಲ್ಲವರಿಗೆ ಇದು ದೊಡ್ಡ ಕೆಲಸವಲ್ಲ.

ಆದರೆ ನಿಮಗೆ ಇದನ್ನೂ ದಿನದ ಕೆಲಸಕ್ಕೆ ಹಾಕಿ ಎನ್ನಲಾರೆ. ಕಾರಣ ಆ ಮೂರು ಕೌಂಟರ್. ಜೆಟ್ ಎಂಜಿನ್ ಎಲ್‌ಡಿಬಿ ಫೈಲ್ ಇಟ್ಟುಕೊಂಡು 'ಈ ಸಾಲು ನಾನು ತಿದ್ದುತ್ತಿದ್ದೇನೆ, ನೀವು ತಡೆಯಿರಿ' ಎಂದು ಕೌಂಟರ್‌ಗಳ ನಡುವೆ ಹೊಂದಿಸುತ್ತದೆ. ಯುಕ್ಯಾನ್‌ಆಕ್ಸೆಸ್‌ಗೆ ಮೂರು ಕಂಪ್ಯೂಟರ್‌ಗಳ ನಡುವೆ ಆ ಹೊಂದಾಣಿಕೆ ಬಾರದು. ಒಂದೇ ಪ್ರೋಗ್ರಾಮ್ ಬಳಸುವಾಗ ಅದು ಚೆನ್ನಾಗಿದೆ. ಮೂರು ಕಡೆಯಿಂದ ಒಂದೇ ಫೈಲ್‌ಗೆ ಬರೆಯತೊಡಗಿದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕೆಡಿಸಬಹುದು, ಫೈಲೇ ಹಾಳಾಗಬಹುದು. ಒಂಟಿ ಕೌಂಟರ್ ಇರುವ ಸಂಘವಾಗಿದ್ದರೆ ಹಾಕಿ ಮರೆತುಬಿಡಿ ಎನ್ನುತ್ತಿದ್ದೆ.

ಆದ್ದರಿಂದ ನನ್ನ ಸಲಹೆ ಇದು. ಸದ್ಯಕ್ಕೆ ಹೊಸ ಕಂಪ್ಯೂಟರ್‌ನಿಂದ ಆ ಡಿಎಲ್‌ಎಲ್ ಜೋಡಣೆ ತೆಗೆಸಿ, ಅದರಲ್ಲಿ 32 ಬಿಟ್ ಜಾವಾ 7 ಹಾಕಿಸಿ. ಅದರೊಳಗೆ ಬ್ರಿಡ್ಜ್ ಸಹಜವಾಗಿಯೇ ಇದೆ, ವಿಂಡೋಸ್‌ನ 32 ಬಿಟ್ ಎಂಡಿಬಿ ಡ್ರೈವರ್ ಜೊತೆ ಅದಕ್ಕೆ ಜಗಳವಿಲ್ಲ. ಹಳೆಯ ನುಡಿ ಫಾಂಟ್ ಹಾಕಿಸಿ, ಹೆಸರುಗಳನ್ನು ನುಡಿಯಲ್ಲೇ ಟೈಪ್ ಮಾಡಿಸಿ. ಜಾವಾ 7ಕ್ಕೆ ಸಾರ್ವಜನಿಕ ಅಪ್‌ಡೇಟ್ 2015ರಲ್ಲೇ ನಿಂತಿದೆ. ಹಾಗಾಗಿ ಆ ಕಂಪ್ಯೂಟರ್‌ಗೆ ಇಂಟರ್ನೆಟ್ ಬೇಡ. ಕೌಂಟರ್‌ಗಳ ನಡುವಿನ ಕೇಬಲ್ ಸಾಕು. ಮೇಲ್ ನೋಡಲು ಬೇರೆ ಫೋನೋ ಕಂಪ್ಯೂಟರೋ ಇರಲಿ.

ಫೈಲ್ ಒಮ್ಮೆ ಕಾಂಪ್ಯಾಕ್ಟ್-ರಿಪೇರಿ ಆಗಬೇಕು, ಅಂದರೆ ಒಳಗಿನ ಖಾಲಿ ಜಾಗ ತೆಗೆದು, ಕೆಟ್ಟದ್ದನ್ನು ಸರಿಪಡಿಸಬೇಕು. ಅದಕ್ಕೆ ಆಕ್ಸೆಸ್ ಕೊಳ್ಳಬೇಕಿಲ್ಲ. 32 ಬಿಟ್ ಒಡಿಬಿಸಿ ಸೆಟ್ಟಿಂಗ್ ತೆರೆದು ನಿಮ್ಮ ಡಿಎಸ್‌ಎನ್‌ನ ಕಾನ್ಫಿಗರ್ ಒತ್ತಿದರೆ ಅಲ್ಲೇ ರಿಪೇರಿ, ಕಾಂಪ್ಯಾಕ್ಟ್ ಎಂಬ ಎರಡು ಬಟನ್ ಇವೆ. ಪ್ರತಿ ತೆಗೆದಿಟ್ಟೇ ಒತ್ತಿ.

ಇದು ಕೆಲವು ತಿಂಗಳ ವ್ಯವಸ್ಥೆ. ಅಷ್ಟರಲ್ಲಿ ಡೇಟಾವನ್ನು ಎಂಡಿಬಿಯಿಂದ ಹೊರಗೆ ತನ್ನಿ. 'ಎಲ್ಲ ಬಿಸಾಕಿ' ಎಂದವರ ಮಾತು ಇಲ್ಲಿ ಅರ್ಧ ಸರಿ. ಬಿಸಾಕಬೇಕಾದದ್ದು ಫೈಲ್ ಮತ್ತು ಬ್ರಿಡ್ಜ್. ಪರದೆಗಳು, ಬಡ್ಡಿ ಲೆಕ್ಕ ಹಾಕುವ ಕೋಡ್, ವರದಿಗಳು ನಿಮ್ಮವರಿಗೆ ಪಳಗಿವೆ, ಅವನ್ನು ಉಳಿಸಿಕೊಳ್ಳಬಹುದು. ಡೇಟಾ ಇಡಲು ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಥವಾ ಮಾರಿಯಾಡಿಬಿ ಎಂಬ ಡೇಟಾಬೇಸ್ ಬಳಸಿ, ಎರಡೂ ಉಚಿತ, ಎರಡಕ್ಕೂ ನೇರ ಜೆಡಿಬಿಸಿ ಡ್ರೈವರ್ ಇದೆ. ನಾನು ಪೋಸ್ಟ್‌ಗ್ರೆಸ್‌ಕ್ಯೂಎಲ್ ಕಡೆ. ಒಂದು ಕಂಪ್ಯೂಟರ್‌ನಲ್ಲಿ ಅದು ಸರ್ವರ್ ಆಗಿ ಕೂರುತ್ತದೆ, ಮೂರು ಕೌಂಟರ್‌ಗಳೂ ಅದನ್ನು ಕೇಳುತ್ತವೆ. ಫೈಲ್ ಅನ್ನು ಯಾರೂ ನೇರ ಮುಟ್ಟುವುದಿಲ್ಲ. ಒಂದು ಕೌಂಟರ್ ಬಿದ್ದರೂ ಉಳಿದ ಲೆಕ್ಕಕ್ಕೆ ಪೆಟ್ಟಿಲ್ಲ.

ಡೇಟಾ ಸಾಗಿಸಲು ಯುಕ್ಯಾನ್‌ಆಕ್ಸೆಸ್ ಇಲ್ಲಿ ಹೇಳಿ ಮಾಡಿಸಿದ ಸಾಧನ. ಡಿಬೀವರ್ ಎಂಬ ಉಚಿತ ಪ್ರೋಗ್ರಾಮ್‌ನಲ್ಲಿ ಅದು ಸಿಗುತ್ತದೆ. ಎಂಡಿಬಿಯ ಪ್ರತಿ ತೆರೆದು ಟೇಬಲ್‌ಗಳನ್ನು ಒಂದೊಂದಾಗಿ ಆಚೆಗೆ ಕಳಿಸಬಹುದು. ಯಾರಾದರೂ ಸ್ಥಳೀಯ ಜಾವಾ ಡೆವಲಪರ್ ಹಿಡಿಯಿರಿ, ಅವರಿಗೆ ಕೆಳಗಿನ ಮಾತುಗಳನ್ನು ಓದಿ ಹೇಳಿ. ಎಡವುವುದು ಇಲ್ಲೇ.

ಆಕ್ಸೆಸ್‌ನ ಕರೆನ್ಸಿ ಕಾಲಂ ನಾಲ್ಕು ದಶಮಾಂಶದ ನಿಖರ ಸಂಖ್ಯೆ. ಅದನ್ನು ಆಚೆ ಕಡೆ ನ್ಯೂಮರಿಕ್ ಆಗಿ ಇಡಬೇಕು. ಡಬಲ್ ಎಂದು ಇಟ್ಟರೆ ಪೈಸೆಗಳು ಜಾರುತ್ತವೆ, ವರ್ಷದ ಕೊನೆಗೆ ಟ್ರಯಲ್ ಬ್ಯಾಲೆನ್ಸ್ ಕೂಡುವುದಿಲ್ಲ. ಹೌದು-ಇಲ್ಲ ಕಾಲಂನಲ್ಲಿ ಆಕ್ಸೆಸ್‌ಗೆ ಹೌದು ಎಂದರೆ ಮೈನಸ್ 1. ಕೋಡ್‌ನಲ್ಲಿ ಹಾಗೆ ಹೋಲಿಸಿದ ಕಡೆಗಳನ್ನು ಹುಡುಕಿ ತಿದ್ದಬೇಕು. ತಾನಾಗಿ ಏರುವ ಸದಸ್ಯ ಸಂಖ್ಯೆ, ರಸೀದಿ ಸಂಖ್ಯೆ ಇದ್ದರೆ ಡೇಟಾ ತಂದ ಮೇಲೆ ಎಣಿಕೆಯನ್ನು ಕೊನೆಯ ಸಂಖ್ಯೆಯ ಮುಂದಕ್ಕೆ ಇಡಬೇಕು, ಇಲ್ಲದಿದ್ದರೆ ಮೊದಲ ರಸೀದಿಗೇ 'ಈ ಸಂಖ್ಯೆ ಆಗಲೇ ಇದೆ' ಎಂದು ನಿಲ್ಲುತ್ತದೆ.

ಹೆಸರುಗಳಿಗೆ ಒಂದು ಹೊಸ ಕಾಲಂ ಮಾಡಿ, ನುಡಿಯಿಂದ ಯೂನಿಕೋಡ್‌ಗೆ ಬದಲಿಸಿ ಅದರಲ್ಲಿ ಹಾಕಿ. ಹಳೆಯ ನುಡಿ ಕಾಲಂ ಹಾಗೇ ಇರಲಿ, ಅಳಿಸಬೇಡಿ. ಬದಲಿಸುವ ಉಚಿತ ಸಾಧನಗಳಿವೆ, ಆದರೆ ಫಲಿತಾಂಶವನ್ನು ಕಣ್ಣಲ್ಲಿ ನೋಡಬೇಕು. ಅರ್ಕಾವೊತ್ತು ನುಡಿಯಲ್ಲಿ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರುತ್ತದೆ. ಧರ್ಮಪ್ಪ, ಪಾರ್ವತಮ್ಮ, ಸೂರ್ಯನಾರಾಯಣ ಇಂಥ ಹೆಸರುಗಳನ್ನು ಆರಿಸಿ ನೋಡಿ, ತಪ್ಪಿದ್ದರೆ ಅಲ್ಲೇ ಸಿಗುತ್ತದೆ.

ಇನ್ನೊಂದು ವಿಚಿತ್ರ ನಿಮ್ಮ ಕಣ್ಣಿಗೆ ಬೀಳಬಹುದು. ಆಕ್ಸೆಸ್ ಹುಡುಕುವಾಗ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಎರಡನ್ನೂ ಒಂದೇ ಎಂದು ನೋಡುತ್ತದೆ. ನುಡಿಯಲ್ಲಿ ದೊಡ್ಡ 'ಜಿ' ಎಂದರೆ ಉ, ಚಿಕ್ಕ 'ಜಿ' ಎಂದರೆ ರ-ದ ಭಾಗ. ಹಾಗಾಗಿ ಹಳೆಯ ಸಾಫ್ಟ್‌ವೇರ್‌ನಲ್ಲಿ ಹೆಸರು ಹುಡುಕಿದಾಗ ಆಗಾಗ ಸಂಬಂಧವೇ ಇಲ್ಲದ ಹೆಸರು ಬಂದಿದ್ದರೆ ಕಾರಣ ಇದೇ. ಹೊಸದರಲ್ಲಿ ಅದು ಬರುವುದಿಲ್ಲ. ಗುಮಾಸ್ತರು 'ಮೊದಲು ಸಿಗುತ್ತಿದ್ದ ಹೆಸರು ಈಗ ಸಿಗುತ್ತಿಲ್ಲ' ಎಂದರೆ ಗಾಬರಿ ಬೇಡ.

ಹೊಸದು ಸಿದ್ಧವಾದ ಮೇಲೆ ಒಂದು ತಿಂಗಳಾದರೂ ಎರಡರಲ್ಲೂ ಬರೆಯಿರಿ. ದಿನದ ಕೊನೆಗೆ ನಗದು ಶಿಲ್ಕು, ತಿಂಗಳ ಕೊನೆಗೆ ಟ್ರಯಲ್ ಬ್ಯಾಲೆನ್ಸ್ ಎರಡರಲ್ಲೂ ಒಂದೇ ಬರಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ವರ್ಷದ ಲೆಕ್ಕ ಮುಗಿದು, ಮಾರ್ಚ್ 31ರ ಶಿಲ್ಕು ಖಚಿತವಾದ ಮೇಲೆ ಶುರು ಮಾಡಿದರೆ ಆಡಿಟ್‌ನವರಿಗೂ ವಿವರಿಸುವುದು ಸುಲಭ.

ಅಧ್ಯಕ್ಷರ ಎಕ್ಸೆಲ್ ವರದಿ ಖಂಡಿತ ಆಗುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಅದರದ್ದೇ ಉಚಿತ ಒಡಿಬಿಸಿ ಡ್ರೈವರ್ ಇದೆ, ಪಿಎಸ್‌ಕ್ಯೂಎಲ್ ಒಡಿಬಿಸಿ ಎಂದು ಹೆಸರು. ಎಕ್ಸೆಲ್ 32 ಬಿಟ್‌ನದೋ 64ರದೋ ನೋಡಿ ಅದಕ್ಕೆ ತಕ್ಕದ್ದನ್ನು ಹಾಕಿಸಿ, ನಡುವೆ ಬ್ರಿಡ್ಜ್ ಏನೂ ಬೇಡ. ಅಧ್ಯಕ್ಷರಿಗೆ ಓದಲು ಮಾತ್ರ ಅನುಮತಿ ಇರುವ ಬೇರೆ ಯೂಸರ್ ಮಾಡಿಕೊಡಿ.